ಬಿಗಿ ಗುಂಗುರು ಕೂದಲು ಕಾಡಿದಾಗ: ಬಾಟಲಿ ಬದಲಿಸುವ ಮೊದಲು ಏನೇನು ನೋಡಬೇಕು

ಬಿಗಿ ಗುಂಗುರು ಕೂದಲಿನವರ ಬಚ್ಚಲಲ್ಲಿ ಅರ್ಧ ಬಳಸಿ ಬಿಟ್ಟ ಬಾಟಲಿಗಳು ಸಾಲಾಗಿ ನಿಂತಿರುತ್ತವೆ. ಒಂದು ಶಾಂಪೂ ಒಣಗಿಸಿತು, ಒಂದು ಕ್ರೀಮ್ ಜಿಡ್ಡಾಯಿತು, ಒಂದು ಜೆಲ್ ಭುಜದ ಮೇಲೆ ಬಿಳಿ ಪುಡಿ ಉದುರಿಸಿತು. ಪ್ರತಿ ಸಲ ಹುಡುಕಿದ ಪರಿಹಾರ ಒಂದೇ, ಇನ್ನೊಂದು ಕೊಂಡು ನೋಡೋಣ ಅಂತ. ಇಲ್ಲಿ ದಾರಿ ಬೇರೆ. ಕೂದಲು ಏನು ತೋರಿಸುತ್ತಿದೆ ಎಂದು ಮೊದಲು ನೋಡಿ, ಕಾರಣ ಹಿಡಿಯಿರಿ, ಆಮೇಲೆ ಅಂಗಡಿಗೆ ಹೋಗಿ. ಬಹಳ ಸಲ ತೊಂದರೆ ನೀರಲ್ಲೋ, ತೊಳೆಯುವ ರೀತಿಯಲ್ಲೋ, ಬಾಚಣಿಗೆಯಲ್ಲೋ ಇರುತ್ತದೆ. ಅದನ್ನು ಸರಿಮಾಡಲು ದುಡ್ಡೇ ಬೇಡ.

ಯಾವ ಕೂದಲಿನ ಮಾತು ಇದು? ಸುರುಳಿ ಬಾಲ್‌ಪೆನ್ ಸ್ಪ್ರಿಂಗಿನಷ್ಟು ಅಥವಾ ಇನ್ನೂ ಬಿಗಿಯಾಗಿ ಇರುವುದು. ಒದ್ದೆಯಿದ್ದಾಗ ಎಳೆದರೆ ಭುಜ ಮುಟ್ಟಿ, ಒಣಗಿದ ಮೇಲೆ ಕಿವಿಯ ಹತ್ತಿರ ನಿಲ್ಲುವುದು. ಆಫ್ರಿಕಾ ಮೂಲದ ಜನರಲ್ಲಿ ಇದು ಸಾಮಾನ್ಯ. ನಮ್ಮಲ್ಲಿ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಸಿದ್ದಿ ಜನರಲ್ಲಿ ಮನೆಮನೆಯಲ್ಲೂ ಕಾಣುತ್ತದೆ. ಬೇರೆ ಮನೆಗಳಲ್ಲೂ ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ನಮ್ಮ ಅಂಗಡಿಗಳಲ್ಲಿ ‘ಕರ್ಲಿ’ ಎಂದು ಬರೆದಿರುವ ಬಾಟಲಿಗಳಲ್ಲಿ ಹೆಚ್ಚಿನವು ಸಡಿಲ ಸುರುಳಿಗೆ ಮಾಡಿದವು. ಅವು ನಿಮಗೆ ಸಾಲದೇ ಹೋದರೆ ತಪ್ಪು ನಿಮ್ಮ ತಲೆಯದ್ದಲ್ಲ.

ಇನ್ನೊಂದು ಮಾತು. ಅಮೆರಿಕದ ಕೇಶ ವಿನ್ಯಾಸಕಾರ ಆಂಡ್ರೆ ವಾಕರ್ ಕೂದಲನ್ನು 1ರಿಂದ 4ರವರೆಗೆ ವಿಂಗಡಿಸಿದರು. ಈ ಬಿಗಿ ಗುಂಗುರು 4ನೇ ಗುಂಪು. ಆ ಅಂಕಿ ಸುರುಳಿಯ ಆಕಾರವನ್ನಷ್ಟೇ ಹೇಳುತ್ತದೆ. ಎಳೆ ತೆಳುವೋ ದಪ್ಪವೋ, ನೀರು ಬೇಗ ಹೀರುತ್ತದೋ ಇಲ್ಲವೋ ಎಂಬುದು ಅದರಲ್ಲಿಲ್ಲ. ಕೊಳ್ಳುವಾಗ ಬೇಕಾಗುವುದು ಆಕಾರಕ್ಕಿಂತ ಈ ವಿವರಗಳೇ.

ಏನು ಹಚ್ಚಿದರೂ ಒಣಗಿಯೇ ಇರುತ್ತದೆ

ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ದೂರು ಇದು. ಕಾರಣ ತಿಳಿದರೆ ಅರ್ಧ ಕೆಲಸ ಮುಗಿದಂತೆ. ನೆತ್ತಿಯಲ್ಲಿ ಹುಟ್ಟುವ ಜಿಡ್ಡು ನೇರ ಕೂದಲಲ್ಲಿ ಸಲೀಸಾಗಿ ತುದಿಗೆ ಇಳಿಯುತ್ತದೆ. ಇಲ್ಲಿ ಆಗುಂಬೆ ಘಾಟಿ ಇಳಿದ ಹಾಗೆ, ತಿರುವಿನ ಮೇಲೆ ತಿರುವು. ಬುಡ ಜಿಡ್ಡಾಗಿದ್ದರೂ ತುದಿಗೆ ಏನೂ ತಲುಪಿರುವುದಿಲ್ಲ. ಜೊತೆಗೆ ಈ ಕೂದಲಿನ ಎಳೆ ಗುಂಡಗಿಲ್ಲ, ಚಪ್ಪಟೆ. ತಿರುಚಿಕೊಂಡ ಕಡೆಗಳಲ್ಲಿ ಮೇಲಿನ ಪೊರೆ ಸುಲಭವಾಗಿ ಏಳುತ್ತದೆ, ತೇವ ಅಲ್ಲಿಂದ ಹೋಗಿಬಿಡುತ್ತದೆ. ಆದ್ದರಿಂದ ವಾರದ ಕೊನೆಗೆ ಸ್ವಲ್ಪ ಒಣಗುವುದು ಸಹಜ. ತೊಳೆದ ಮಾರನೇ ದಿನವೇ ಗರಿಗರಿಯಾದರೆ ಮಾತ್ರ ಹುಡುಕಾಟ ಶುರುಮಾಡಿ.

ಮೊದಲ ಪ್ರಶ್ನೆ: ಎಣ್ಣೆಯನ್ನು ಒಣ ಕೂದಲಿಗೆ ಹಚ್ಚುತ್ತಿದ್ದೀರಾ? ನಮ್ಮಲ್ಲಿ ಒಣಗಿದೆ ಎಂದ ಕೂಡಲೇ ಕೈ ಹೋಗುವುದು ಕೊಬ್ಬರಿ ಎಣ್ಣೆ ಡಬ್ಬಿಗೆ. ಎಣ್ಣೆ ಒಳ್ಳೆಯದೇ, ಆದರೆ ಎಣ್ಣೆಯಲ್ಲಿ ನೀರಿಲ್ಲ. ಒಣ ಎಳೆಯ ಮೇಲೆ ಎಣ್ಣೆ ಬಳಿದರೆ ಒಣಗಿದ್ದೇ ಹೊಳೆಯುತ್ತದೆ, ಅಷ್ಟೆ. ಮೊದಲು ನೀರು ಚಿಮುಕಿಸಿ, ಕೈಗೆ ತಂಪು ಗೊತ್ತಾಗುವಷ್ಟು ಒದ್ದೆ ಮಾಡಿ. ಅದರ ಮೇಲೆ ನೀರೇ ಮೊದಲ ಪದಾರ್ಥವಾಗಿರುವ ಕ್ರೀಮ್ ಅಥವಾ ಲೀವ್‌-ಇನ್ ಕಂಡೀಷನರ್ (ಹಚ್ಚಿ ತೊಳೆಯದೆ ಹಾಗೇ ಬಿಡುವಂಥದ್ದು). ಕೊನೆಗೆ ತುದಿಗಳಿಗೆ ನಾಲ್ಕು ಹನಿ ಎಣ್ಣೆ. ಬರೀ ಈ ಕ್ರಮ ಬದಲಿಸಿ ಎರಡು ತಲೆಸ್ನಾನದವರೆಗೆ ನೋಡಿ. ಬಹಳ ಜನರ ದೂರು ಇಲ್ಲಿಗೇ ಮುಗಿಯುತ್ತದೆ.

ಕೊಬ್ಬರಿ ಎಣ್ಣೆಗೆ ಇನ್ನೂ ಒಳ್ಳೆಯ ಹೊತ್ತು ತಲೆಸ್ನಾನದ ಮೊದಲು. 2003ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನ ಕೊಬ್ಬರಿ, ಸೂರ್ಯಕಾಂತಿ ಮತ್ತು ಮಿನರಲ್ ಎಣ್ಣೆಗಳನ್ನು ಹೋಲಿಸಿತು. ಕೂದಲಿನ ಪ್ರೋಟೀನ್ ನಷ್ಟ ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದು ಎಳೆಯ ಒಳಗೆ ಇಳಿಯುತ್ತದೆ. ಅಜ್ಜಿಯರ ಎಣ್ಣೆಸ್ನಾನದ ಕ್ರಮ ಸರಿಯಾಗಿಯೇ ಇತ್ತು. ಹರಳೆಣ್ಣೆ ಹಾಗಲ್ಲ. ದಪ್ಪ, ಅಂಟು, ಮೇಲೆಯೇ ಕೂರುತ್ತದೆ. ತುದಿಗೆ ಸ್ವಲ್ಪ ಬೆರೆಸಿ ಹಚ್ಚಬಹುದು, ತಲೆ ತುಂಬಾ ಸುರಿದರೆ ಸಿಕ್ಕು ಕಟ್ಟುತ್ತದೆ.

ಎರಡನೆಯದು, ಪದರ ಕಟ್ಟಿದೆಯೇ? ಒಂದು ಸುರುಳಿಯನ್ನು ಉಗುರಿನಿಂದ ಬುಡದಿಂದ ತುದಿಗೆ ಮೆಲ್ಲಗೆ ಕೆರೆಯಿರಿ. ಉಗುರಲ್ಲಿ ಬೂದು ಬಣ್ಣದ ಮೇಣದಂಥದ್ದು ಬಂದರೆ ಹಳೆಯ ಕ್ರೀಮು, ಎಣ್ಣೆ, ಧೂಳು ಎಲ್ಲ ಸೇರಿ ಕೂತಿದೆ. ಇನ್ನೊಂದು ಗುರುತು: ಮಗ್ಗಿನಿಂದ ನೀರು ಹೊಯ್ದಾಗ ಹನಿಹನಿಯಾಗಿ ಜಾರಿಹೋಗಿ, ಒಳಗಿನ ಕೂದಲು ಒಣಗಿಯೇ ಉಳಿಯುವುದು. ಹೀಗಿದ್ದಾಗ ಎಷ್ಟು ದುಬಾರಿ ಹೇರ್ ಮಾಸ್ಕ್ ತಂದರೂ ಒಳಗೆ ಹೋಗುವುದಿಲ್ಲ. ಒಂದು ಸಲ ಗಟ್ಟಿಯಾಗಿ ತೊಳೆಯುವ ಶಾಂಪೂ ಬಳಸಿ. ಇದಕ್ಕೆ ಸಾಮಾನ್ಯ ಸ್ಯಾಷೆ ಶಾಂಪೂವೇ ಸಾಕು. ನೆತ್ತಿಗೆ ಹಚ್ಚಿ, ನೊರೆ ಕೂದಲುದ್ದಕ್ಕೆ ಇಳಿಯಲಿ, ತೊಳೆದು ಕೂಡಲೇ ಕಂಡೀಷನರ್ ಹಾಕಿ. ತಿಂಗಳಿಗೊಮ್ಮೆ ಇದು ಸಾಕು. ಪ್ರತಿ ಸಲ ಅದೇ ಶಾಂಪೂ ಆದರೆ ಅದೇ ಒಣಗಿಸುತ್ತದೆ. ಬಾಟಲಿ ಹಿಂದಿನ ಪದಾರ್ಥಗಳ ಪಟ್ಟಿಯಲ್ಲಿ ಸೋಡಿಯಂ ಲಾರಿಲ್ ಸಲ್ಫೇಟ್ ಮೊದಲ ಮೂರರೊಳಗೆ ಇದ್ದರೆ ಆ ಶಾಂಪೂವನ್ನು ತಿಂಗಳಿಗೊಮ್ಮೆಯ ಈ ತೊಳೆತಕ್ಕೆ ಇಟ್ಟುಕೊಳ್ಳಿ. ವಾರದ ತಲೆಸ್ನಾನಕ್ಕೆ ಕೋಕಮಿಡೋಪ್ರೊಪಿಲ್ ಬೀಟೇನ್, ಸೋಡಿಯಂ ಕೊಕೊಯಿಲ್ ಐಸೆಥಯೋನೇಟ್, ಡೆಸಿಲ್ ಗ್ಲೂಕೋಸೈಡ್ ಇಂಥವು ಮುಂದೆ ಇರುವ ಶಾಂಪೂ ಮೃದು.

ಸೀಗೆಕಾಯಿ ಬಳಸುವವರಿಗೆ ಒಂದು ಎಚ್ಚರಿಕೆ. ಪುಡಿಯನ್ನು ಹಾಗೇ ಹಚ್ಚಬೇಡಿ. ಒರಟು ಕಣಗಳು ಸುರುಳಿಯೊಳಗೆ ಸಿಕ್ಕಿ ವಾರವಾದರೂ ಬರುವುದಿಲ್ಲ, ಉಜ್ಜಿದಾಗ ಎಳೆಯನ್ನೂ ಗೀರುತ್ತವೆ. ಸೀಗೆ, ಅಂಟುವಾಳ ಎರಡನ್ನೂ ಕುದಿಸಿ, ಬಟ್ಟೆಯಲ್ಲಿ ಸೋಸಿ, ತಿಳಿನೀರು ಮಾತ್ರ ಬಳಸಿ. ಕಣ್ಣಿಗೆ ಬೀಳದಂತೆ ತಲೆ ಹಿಂದಕ್ಕೆ ಬಾಗಿಸಿ. ಮೈಸೋಪು, ಬಟ್ಟೆ ಸೋಪು, ಅಡುಗೆ ಸೋಡಾ ಇವು ತಲೆಗೆ ಬೇಡವೇ ಬೇಡ. ಇವೆಲ್ಲ ಕ್ಷಾರ. ಪೊರೆಯನ್ನು ಎಬ್ಬಿಸಿ ಕೂದಲನ್ನು ಇನ್ನೂ ಒರಟು ಮಾಡುತ್ತವೆ.

ಮೂರನೆಯದು ನೀರು. ಬೋರ್‌ವೆಲ್ ನೀರಿನ ಮನೆಗಳಲ್ಲಿ ಇದನ್ನು ತಪ್ಪದೇ ನೋಡಿ. ಬಚ್ಚಲ ನಲ್ಲಿಯ ಬಾಯಿಗೆ, ಬಕೆಟಿನ ಒಳಗೆ ಬಿಳಿ ಪದರ ಕಟ್ಟಿದೆಯಾ? ಸೋಪು ಉಜ್ಜಿದರೂ ನೊರೆ ಬಾರದೆ ಮೊಸರೊಡೆದಂತೆ ತೇಲುತ್ತದಾ? ಅದು ಗಡಸು ನೀರು. ಅದರ ಕ್ಯಾಲ್ಸಿಯಂ, ಮೆಗ್ನೀಷಿಯಂ ಕೂದಲ ಮೇಲೂ ಕೂರುತ್ತವೆ. ಪರೀಕ್ಷೆ ಸುಲಭ: ಒಂದು ಸಲ ಮಳೆನೀರಲ್ಲೋ ಫಿಲ್ಟರ್ ನೀರಲ್ಲೋ ಪೂರ್ತಿ ತಲೆ ತೊಳೆಯಿರಿ. ಅದೇ ಶಾಂಪೂ, ಅದೇ ಕ್ರೀಮಿಗೆ ಕೂದಲು ಮೆತ್ತಗಾದರೆ ಬಾಟಲಿಗಳದ್ದು ತಪ್ಪಿಲ್ಲ. ಆಮೇಲೆ ಪ್ರತಿ ಸಲ ಕೊನೆಯ ಎರಡು ಮಗ್ ಒಳ್ಳೆಯ ನೀರು ಹೊಯ್ದರೂ ವ್ಯತ್ಯಾಸ ಕಾಣುತ್ತದೆ. ಶಾಂಪೂ ಪಟ್ಟಿಯಲ್ಲಿ ಡೈಸೋಡಿಯಂ ಇಡಿಟಿಎ ಅಥವಾ ಟೆಟ್ರಾಸೋಡಿಯಂ ಇಡಿಟಿಎ ಇದ್ದರೆ ಒಳ್ಳೆಯದು, ಆ ಖನಿಜಗಳನ್ನು ಹಿಡಿದುಕೊಂಡು ಹೋಗುತ್ತವೆ. ಒಂದು ಮಗ್ ನೀರಿಗೆ ಒಂದು ಚಮಚ ವಿನೆಗರ್ ಬೆರೆಸಿ ಹೊಯ್ದು ತೊಳೆಯುವುದೂ ನೆರವಾಗುತ್ತದೆ. ನಿಂಬೆರಸವಾದರೆ ಚೆನ್ನಾಗಿ ತೊಳೆದೇ ಬಿಸಿಲಿಗೆ ಹೋಗಿ. ನಿಂಬೆ ಮೆತ್ತಿದ ಚರ್ಮ ಬಿಸಿಲಿಗೆ ಸುಡುತ್ತದೆ.

ಕೊನೆಯದು ಹವೆ. ಗ್ಲಿಸರಿನ್ ಇರುವ ಕ್ರೀಮ್ ಕಾರವಾರದಲ್ಲಿ ಒಂದು ರೀತಿ, ಕಲಬುರಗಿಯ ಏಪ್ರಿಲ್‌ನಲ್ಲಿ ಇನ್ನೊಂದು ರೀತಿ. ಗಾಳಿಯಲ್ಲಿ ನೀರಿದ್ದರೆ ಗ್ಲಿಸರಿನ್ ಎಳೆದುಕೊಂಡು ಕೂದಲು ಉಬ್ಬುತ್ತದೆ. ಗಾಳಿ ಒಣಗಿದ್ದರೆ ಅದರಿಂದ ಅಷ್ಟು ಪ್ರಯೋಜನವಿಲ್ಲ, ಒಣಗುವುದು ಇನ್ನೂ ಜಾಸ್ತಿ ಆಗಬಹುದು. ಊರು ಬದಲಿಸಿದ ಮೇಲೆ ಹಳೆಯ ಕ್ರೀಮ್ ಕೈಕೊಟ್ಟರೆ ಮೊದಲು ಗ್ಲಿಸರಿನ್ ಎಷ್ಟನೇ ಸಾಲಿನಲ್ಲಿದೆ ನೋಡಿ. ಒಣ ಊರಿನಲ್ಲಿ ಶಿಯಾ ಬೆಣ್ಣೆಯಂಥ ದಪ್ಪ ಕ್ರೀಮ್ ಮೇಲಿಂದ ಮುಚ್ಚಿದರೆ ತೇವ ನಿಲ್ಲುತ್ತದೆ. ಶಿಯಾ ಪಶ್ಚಿಮ ಆಫ್ರಿಕಾದ ಮರದ ಕಾಯಿಯಿಂದ ಬರುತ್ತದೆ, ಈ ಕೂದಲಿಗೆ ಅಲ್ಲಿ ತಲೆಮಾರುಗಳಿಂದ ಬಳಸಿದ್ದಾರೆ.

ಜಿಡ್ಡು, ಅಂಟು, ಬಿಳಿ ಪುಡಿ

ಭುಜದ ಮೇಲೆ ಬಿಳಿ ಪುಡಿ ಕಂಡ ಕೂಡಲೇ ಹೊಟ್ಟು ಅನ್ನಬೇಡಿ. ಪುಡಿ ಎಲ್ಲಿಂದ ಬರುತ್ತಿದೆ ನೋಡಿ. ಬೈತಲೆ ತೆಗೆದಾಗ ನೆತ್ತಿ ಶುಭ್ರವಾಗಿದ್ದು, ಸುರುಳಿಯನ್ನು ಹಿಸುಕಿದಾಗ ಮಾತ್ರ ಉದುರಿದರೆ ಅದು ಜೆಲ್. ಕೆಳಗೆ ಹಚ್ಚಿದ ಕ್ರೀಮಿಗೂ ಮೇಲಿನ ಜೆಲ್‌ಗೂ ಹೊಂದಿಲ್ಲ ಅಂತ ಅರ್ಥ. ಇದನ್ನು ಅಂಗೈಯಲ್ಲೇ ಪರೀಕ್ಷಿಸಬಹುದು. ಎರಡನ್ನೂ ಕಡಲೆಕಾಳಷ್ಟು ತೆಗೆದುಕೊಂಡು ಬೆರಳಿನಿಂದ ಕಲಸಿ. ನಯವಾಗಿ ಸೇರಿಕೊಂಡರೆ ತಲೆಗೂ ಆಗುತ್ತದೆ. ಸಣ್ಣ ಬಿಳಿ ಗಂಟುಗಳಾಗಿ ಒಡೆದುಕೊಂಡರೆ ತಲೆಯಲ್ಲೂ ಅದೇ ಆಗುತ್ತದೆ. ಅಂಗಡಿಯಲ್ಲಿ ಟೆಸ್ಟರ್ ಇದ್ದರೆ ಮನೆಯ ಕ್ರೀಮನ್ನು ಚಿಕ್ಕ ಡಬ್ಬಿಯಲ್ಲಿ ಒಯ್ದು ಅಲ್ಲೇ ಕಲಸಿ ನೋಡಿ. ಸಂಕೋಚ ಏನೂ ಬೇಡ.

ಪುಡಿ ಇಲ್ಲ, ಬರೀ ಅಂಟು ಅಂದರೆ ಪ್ರಮಾಣ ಜಾಸ್ತಿ ಇರಬಹುದು, ಇಲ್ಲವೇ ನಿಮ್ಮದು ನೀರು ಬೇಗ ಹೀರದ ಕೂದಲು. ತೊಳೆದ ಕೂದಲು ಒದ್ದೆಯಾಗಲು ಬಹಳ ಹೊತ್ತು, ಒಣಗಲೂ ಬಹಳ ಹೊತ್ತು ತೆಗೆದುಕೊಂಡರೆ ಅದು ಇಂಥದ್ದು. ಒಂದು ಎಳೆಯನ್ನು ಲೋಟದ ನೀರಿಗೆ ಹಾಕಿ ತೇಲುತ್ತದೋ ಮುಳುಗುತ್ತದೋ ನೋಡಿ ಎಂದು ಹೇಳುವವರಿದ್ದಾರೆ. ಅದನ್ನು ನಂಬಬೇಡಿ. ಎಳೆಗೆ ಒಂಚೂರು ಎಣ್ಣೆ ಇದ್ದರೂ ಫಲಿತಾಂಶ ಬದಲಾಗುತ್ತದೆ. ಇಂಥ ಕೂದಲಿಗೆ ದಪ್ಪ ಬೆಣ್ಣೆಗಳು ಭಾರ. ತೆಳು ಲೋಷನ್ ಸಾಕು. ಕಂಡೀಷನರ್ ಹಚ್ಚಿ, ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ ಹತ್ತು ನಿಮಿಷ ಸುತ್ತಿಕೊಂಡರೆ ಒಳಗೆ ಇಳಿಯುತ್ತದೆ. ಟವೆಲ್ ಸುಡಬಾರದು, ಮೊಣಕೈ ಒಳಬದಿಗೆ ಮುಟ್ಟಿಸಿ ನೋಡಿಕೊಳ್ಳಿ.

ಕಂಡೀಷನರ್, ಕ್ರೀಮುಗಳಲ್ಲಿ ನುಣುಪಿಗೆ ಹಾಕುವ ಸಿಲಿಕೋನ್ ವಿಷಯ ಒಂದೆರಡು ಮಾತು. ಅದು ವಿಷವಲ್ಲ. ಸಿಕ್ಕು ಬಿಡಿಸಲು ಬಹಳ ಒಳ್ಳೆಯದು. ಡೈಮೆಥಿಕೋನ್ ಎಂಬ ಸಿಲಿಕೋನ್ ನೀರಿನಲ್ಲಿ ಕರಗುವುದಿಲ್ಲ, ಅದು ಹೋಗಲು ಶಾಂಪೂ ಬೇಕು. ಶಾಂಪೂ ಬಿಟ್ಟು ಬರೀ ಕಂಡೀಷನರ್‌ನಲ್ಲೇ ತೊಳೆಯುವವರಿಗೆ ಅದು ಪದರ ಕಟ್ಟುತ್ತದೆ.

ಮುರಿಯುತ್ತಿದೆಯೋ, ಉದುರುತ್ತಿದೆಯೋ?

ಇವೆರಡನ್ನೂ ‘ಕೂದಲು ಹೋಗ್ತಿದೆ’ ಎಂದು ಒಟ್ಟಿಗೆ ಹೇಳಿಬಿಡುತ್ತೇವೆ. ಕಾರಣ ಬೇರೆ, ಮದ್ದು ಬೇರೆ. ಬಾಚಣಿಗೆಯಲ್ಲಿ ಬಂದ ಕೂದಲನ್ನು ಬಿಳಿ ಕಾಗದದ ಮೇಲೆ, ತಿಳಿ ಬಣ್ಣದ ಕೂದಲಾದರೆ ಕಪ್ಪು ಬಟ್ಟೆಯ ಮೇಲೆ ಹರಡಿ. ಒಂದು ತುದಿಯಲ್ಲಿ ಸಾಸಿವೆಗಿಂತಲೂ ಎಷ್ಟೋ ಚಿಕ್ಕ ಬಿಳಿ ಗುಬುಟು ಇದ್ದರೆ ಅದು ಬುಡದಿಂದ ಬಂದದ್ದು. ಉದುರಿದ್ದು. ಗುಬುಟು ಇಲ್ಲದೆ, ಉದ್ದವೂ ಒಂದಕ್ಕೊಂದು ಹೊಂದದೆ ತುಂಡುತುಂಡಾಗಿದ್ದರೆ ಮುರಿದದ್ದು. ಐದು ನಿಮಿಷದ ಕೆಲಸ. ಯಾವುದೇ ‘ಹೇರ್ ಫಾಲ್’ ಬಾಟಲಿ ಕೊಳ್ಳುವ ಮೊದಲು ಇದನ್ನು ಮಾಡಿಯೇ ಮಾಡಿ.

ಮುರಿದದ್ದಾದರೆ ಮೊದಲು ಕೈಯನ್ನು, ಬಾಚಣಿಗೆಯನ್ನು ನೋಡಿ. ಈ ಕೂದಲನ್ನು ಒಣಗಿದ್ದಾಗ ಬಾಚಬಾರದು. ಒಣ ಬಾಚಣಿಗೆ ಎಳೆದಾಗ ಚಟ್ ಚಟ್ ಎಂದು ಸಣ್ಣ ಸದ್ದು ಬರುತ್ತದಲ್ಲ, ಅದು ಎಳೆಗಳು ತುಂಡಾಗುವ ಸದ್ದು. ಒದ್ದೆ ಮಾಡಿ, ಕಂಡೀಷನರ್ ಧಾರಾಳವಾಗಿ ಹಚ್ಚಿ, ನಾಲ್ಕೋ ಆರೋ ಭಾಗ ಮಾಡಿ ಕ್ಲಿಪ್ ಹಾಕಿ. ಒಂದು ಭಾಗ ತೆಗೆದುಕೊಂಡು ಮೊದಲು ಬೆರಳು, ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ತುದಿಯಿಂದ ಶುರುಮಾಡಿ ಬುಡದ ಕಡೆ ಬನ್ನಿ. ಬಾಚಣಿಗೆಯ ಹಲ್ಲಿನ ನಡುವೆ ಅಚ್ಚಿನ ಗೆರೆ ಉಬ್ಬಿದ್ದರೆ ಬೆರಳಿಗೆ ತಾಗುತ್ತದೆ. ಅಂಥದ್ದನ್ನು ಬಿಸಾಕಿ, ಅದು ಎಳೆಯನ್ನು ಕೊಯ್ಯುತ್ತದೆ. ಟವೆಲ್‌ನಲ್ಲಿ ಉಜ್ಜುವುದನ್ನು ನಿಲ್ಲಿಸಿ. ಹಳೆಯ ಕಾಟನ್ ಟೀ ಶರ್ಟ್‌ನಲ್ಲಿ ಒತ್ತಿ ನೀರು ತೆಗೆಯಿರಿ. ರಾತ್ರಿ ಸ್ಯಾಟಿನ್ ಅಥವಾ ರೇಷ್ಮೆ ಬಟ್ಟೆ ಕಟ್ಟಿಕೊಂಡು ಮಲಗಿ. ಹಳೆಯ ಸೀರೆಯ ಸೆರಗಿನ ತುಂಡು ಸಾಕು, ಜರಿ ಇಲ್ಲದ ಭಾಗ ಆರಿಸಿಕೊಳ್ಳಿ.

ಇಷ್ಟಾದರೂ ಮುರಿದರೆ ಎಳೆಯನ್ನು ಎಳೆದು ನೋಡುವ ಪರೀಕ್ಷೆ. ತೊಳೆದ ಒದ್ದೆ ಎಳೆಯೊಂದನ್ನು ಎರಡೂ ಕೈಯ ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಸ್ವಲ್ಪ ಉದ್ದವಾಗಿ, ಬಿಟ್ಟಾಗ ಮತ್ತೆ ಸುರುಳಿಗೆ ಮರಳಿದರೆ ಚೆನ್ನಾಗಿದೆ. ಉದ್ದವಾಗುತ್ತಲೇ ಹೋಗಿ, ಮೆತ್ತಗೆ ಜೋತುಬಿದ್ದು ತುಂಡಾದರೆ ಬಲ ಕಡಿಮೆಯಾಗಿದೆ. ಬಣ್ಣ, ಬ್ಲೀಚ್, ಕೂದಲು ನೇರ ಮಾಡುವ ಕಾಯಿಸಿದ ಇಸ್ತ್ರಿ ಕಂಡ ಕೂದಲಲ್ಲಿ ಹೀಗಾಗುತ್ತದೆ. ಇಲ್ಲಿ ‘ಹೈಡ್ರೊಲೈಜ್ಡ್’ ಎಂದು ಶುರುವಾಗುವ ಪ್ರೋಟೀನ್ ಇರುವ ಕಂಡೀಷನರ್ ಕೆಲಸಕ್ಕೆ ಬರುತ್ತದೆ. ಗೋಧಿ, ಕೆರಟಿನ್, ರೇಷ್ಮೆ ಯಾವುದಾದರೂ ಆಗಬಹುದು. ತಿಂಗಳಿಗೆ ಒಂದೆರಡು ಸಲ ಸಾಕು. ಅದೇ, ಎಳೆ ಸ್ವಲ್ಪವೂ ಹಿಗ್ಗದೆ ಥಟ್ಟನೆ ತುಂಡಾದರೆ ಅದು ಒಣಗಿ ಬಿಗಿದ ಕೂದಲು. ಪ್ರೋಟೀನ್ ಇರುವುದನ್ನೆಲ್ಲ ಕೆಲವು ವಾರ ಬದಿಗಿಟ್ಟು ಬರೀ ತೇವ ಕೊಡುವ ಕಂಡೀಷನರ್ ಬಳಸಿ. ತಲೆಗೆ ಮೊಟ್ಟೆ ಹಚ್ಚುವವರು ಒಂದು ತಿಳಿದಿರಿ: ಮೊಟ್ಟೆಯ ಪ್ರೋಟೀನ್ ಕಣ ದೊಡ್ಡದು, ಎಳೆಯೊಳಗೆ ಹೋಗುವುದಿಲ್ಲ. ತಿನ್ನುವುದೇ ಒಳ್ಳೆಯದು.

ಉದುರಿದ್ದಾದರೆ ಮೊದಲು ಲೆಕ್ಕ. ಯಾರಿಗಾದರೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ನೇರ ಕೂದಲಿನವರಿಗೆ ಅದು ನೆಲದ ಮೇಲೆ, ದಿಂಬಿನ ಮೇಲೆ ದಿನಾ ಬೀಳುತ್ತದೆ. ಬಿಗಿ ಗುಂಗುರಿನಲ್ಲಿ ಉದುರಿದ ಕೂದಲೂ ಸುರುಳಿಯೊಳಗೇ ಕೂತಿರುತ್ತದೆ. ವಾರಕ್ಕೊಮ್ಮೆ ತೊಳೆಯುವ ದಿನ ಅಷ್ಟೂ ಒಟ್ಟಿಗೆ ಕೈಗೆ ಬರುತ್ತದೆ. ಮುಷ್ಟಿ ತುಂಬಾ ಬಂತು ಎಂದು ಹೆದರಿದ ಎಷ್ಟೋ ತಾಯಂದಿರಿಗೆ ಈ ಲೆಕ್ಕವೇ ಮದ್ದು. ಹೋದ ವಾರಗಳಿಗಿಂತ ಮುಷ್ಟಿ ದೊಡ್ಡದಾಗುತ್ತಿದೆಯಾ, ಬೈತಲೆ ಅಗಲವಾಗುತ್ತಿದೆಯಾ ಅನ್ನುವುದನ್ನು ನೋಡಿ.

ಹೌದು ಎಂದಾದರೆ ಎರಡು ಮೂರು ತಿಂಗಳು ಹಿಂದಕ್ಕೆ ನೆನಪು ಮಾಡಿಕೊಳ್ಳಿ. ಡೆಂಗಿ, ಟೈಫಾಯ್ಡ್, ಹೆರಿಗೆ, ಆಪರೇಷನ್, ಊಟ ಬಿಟ್ಟು ತೂಕ ಇಳಿಸಿದ್ದು, ಇವೆಲ್ಲ ಅಷ್ಟು ದಿನ ಬಿಟ್ಟು ತಲೆಯಲ್ಲಿ ಕಾಣಿಸುತ್ತವೆ. ಸಾಮಾನ್ಯವಾಗಿ ಆರು ತಿಂಗಳಲ್ಲಿ ತಾನಾಗಿ ತಹಬಂದಿಗೆ ಬರುತ್ತದೆ. ಅಂಥ ನೆನಪೇನೂ ಇಲ್ಲವಾದರೆ, ಅಥವಾ ಆರು ತಿಂಗಳಾದರೂ ನಿಲ್ಲದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ರಕ್ತಹೀನತೆ, ಥೈರಾಯ್ಡ್ ಪರೀಕ್ಷೆ ಬೇಕಾಗಬಹುದು. ಇದು ಎಣ್ಣೆಯಿಂದ ಸರಿಹೋಗುವ ವಿಷಯ ಅಲ್ಲ.

ಕೂದಲು ಬೆಳೆಯುತ್ತಲೇ ಇಲ್ಲ

ಬೆಳೆಯುತ್ತಿದೆ. ಈ ಕೂದಲು ನೇರ ಕೂದಲಿಗಿಂತ ನಿಧಾನ, ತಿಂಗಳಿಗೆ ಹೆಚ್ಚುಕಡಿಮೆ ಮುಕ್ಕಾಲು ಸೆಂಟಿಮೀಟರ್. ಬೆಳೆದದ್ದು ಸುರುಳಿಯಲ್ಲಿ ಅಡಗಿಕೊಳ್ಳುತ್ತದೆ. ತುದಿ ಮುರಿಯುತ್ತಿದ್ದರಂತೂ ಬುಡದಲ್ಲಿ ಬಂದದ್ದು ತುದಿಯಲ್ಲಿ ಹೋಗುತ್ತದೆ. ಮೂರು ತಿಂಗಳಿಗೊಮ್ಮೆ ಒಂದೇ ಜಾಗದ ಸುರುಳಿಯನ್ನು ಒದ್ದೆಯಲ್ಲಿ ಎಳೆದು ಅಳೆಯಿರಿ. ಉದ್ದ ಬೆಳೆಸುವ ಎಣ್ಣೆ ಎಂದು ಮಾರುವುದಕ್ಕೆ ದುಡ್ಡು ಕೊಡುವ ಬದಲು ಮುರಿಯುವುದನ್ನು ನಿಲ್ಲಿಸಿ.

ಉಬ್ಬಿಕೊಳ್ಳುತ್ತದೆ, ಸುರುಳಿ ನಿಲ್ಲುವುದಿಲ್ಲ

ಒಣಗಿದಾಗ ಉದ್ದ ಅರ್ಧಕ್ಕಿಂತ ಕಡಿಮೆಯಾಗಿ ಕಂಡರೆ ಅದು ದೋಷವಲ್ಲ, ಸುರುಳಿ ಗಟ್ಟಿಯಾಗಿದೆ ಎಂಬ ಗುರುತು. ಸುರುಳಿ ಚೆದುರಿ ಉಬ್ಬಿದರೆ ಹಿಡಿತ ಕೊಡುವ ಜೆಲ್ ಬೇಕು. ದುಡ್ಡು ಹಾಕುವ ಮೊದಲು ಅಗಸೆ ಬೀಜದಲ್ಲಿ ನೋಡಿ. ಕಾಲು ಕಪ್ ಅಗಸೆಗೆ ಎರಡು ಕಪ್ ನೀರು, ಸಣ್ಣ ಉರಿ, ಕೈಯಾಡಿಸುತ್ತಿರಿ. ಮೊದಲು ನೊರೆ ಬರುತ್ತದೆ, ಆಮೇಲೆ ಸೌಟು ಎತ್ತಿದರೆ ಲೋಳೆ ದಾರದ ಹಾಗೆ ಇಳಿಯುತ್ತದೆ. ಆಗಲೇ ಇಳಿಸಿ, ಬಿಸಿಯಿರುವಾಗಲೇ ಸೋಸಿ. ತಣ್ಣಗಾದರೆ ಬಟ್ಟೆಯಿಂದ ಇಳಿಯುವುದಿಲ್ಲ. ಫ್ರಿಜ್‌ನಲ್ಲಿ ಒಂದು ವಾರ, ವಾಸನೆ ಬದಲಾದರೆ ಚೆಲ್ಲಿ. ದಾಸವಾಳದ ಎಲೆ, ಮತ್ತಿ ಸೊಪ್ಪಿನ ಲೋಳೆ ತೊಳೆಯುವಾಗ ಸಿಕ್ಕು ಬಿಡಿಸಲು ಬಹಳ ಚೆನ್ನ, ಅವನ್ನೂ ಸೋಸಿಯೇ ಬಳಸಿ.

ಕೆಲವು ಸುರುಳಿಗಳು ಮಾತ್ರ ನೆನೆದರೂ ನೆಟ್ಟಗೇ ಜೋತುಬಿದ್ದಿವೆಯಾ? ಇಸ್ತ್ರಿಯ ಶಾಖಕ್ಕೆ ಸುಟ್ಟದ್ದು. ಯಾವ ಮಾಸ್ಕೂ ಅದನ್ನು ಹಿಂದಕ್ಕೆ ತರುವುದಿಲ್ಲ. ಬೆಳೆದ ಹಾಗೆ ಸ್ವಲ್ಪಸ್ವಲ್ಪ ಕತ್ತರಿಸಬೇಕು.

ತುರಿಕೆ ಮತ್ತು ಹೊಟ್ಟು

ಹೊಸ ಬಾಟಲಿ ಶುರುಮಾಡಿದ ಮೇಲೆ ತುರಿಕೆ ಬಂದಿದ್ದರೆ ಮೊದಲು ಅದನ್ನು ಬಿಡಿ. ವಾಸನೆಯ ಪದಾರ್ಥಗಳು, ಮೀಥೈಲ್‌ಐಸೋಥಯಾಜೊಲಿನೋನ್ ಎಂಬ ಸಂರಕ್ಷಕ ಕೆಲವರಿಗೆ ಅಲರ್ಜಿ. ಮುಂದೆ ಯಾವುದನ್ನೇ ಕೊಂಡರೂ ಮೊದಲು ಕಿವಿಯ ಹಿಂದೆ ಹಚ್ಚಿ ಎರಡು ದಿನ ಕಾಯಿರಿ. ತಲೆಗೆ ಹಚ್ಚುವ ಬಣ್ಣಕ್ಕಂತೂ ಈ 48 ಗಂಟೆ ಕಾಯಲೇಬೇಕು. ಅದರಲ್ಲಿನ ಪಿಪಿಡಿ ಎಂಬ ರಾಸಾಯನಿಕ ಮುಖ ಊದಿಸುವಷ್ಟು ಅಲರ್ಜಿ ಮಾಡಬಲ್ಲದು. ‘ಕಪ್ಪು ಮೆಹಂದಿ’ ಎಂದು ಮಾರುವುದರಲ್ಲೂ ಸಾಮಾನ್ಯವಾಗಿ ಅದಿರುತ್ತದೆ.

ನೆತ್ತಿಯಲ್ಲಿ ಸಣ್ಣ ಒಣ ಪುಡಿ, ಚರ್ಮ ಬಿಗಿ ಅನಿಸಿದರೆ ಅದು ಒಣ ನೆತ್ತಿ. ಶಾಂಪೂ ಮೃದುವಾಗಬೇಕು. ಹಳದಿ ಬಣ್ಣದ ಜಿಡ್ಡು ಹೊಟ್ಟು, ಕೆಂಪು, ಕಿವಿಯ ಹಿಂದೆ ಹುಬ್ಬಿನಲ್ಲೂ ಇದ್ದರೆ ಅದಕ್ಕೆ ಮಲಸೀಜಿಯಾ ಎಂಬ ಬೂಸ್ಟು ಕಾರಣ. ಅದು ನೆತ್ತಿಯ ಜಿಡ್ಡನ್ನೇ ತಿಂದು ಬದುಕುತ್ತದೆ. ಹೊಟ್ಟಿಗೆ ಎಣ್ಣೆ ತಟ್ಟುವ ನಮ್ಮ ರೂಢಿ ಇಲ್ಲಿ ಉಲ್ಟಾ ಹೊಡೆಯುತ್ತದೆ. ನೆತ್ತಿಗೆ ಎಣ್ಣೆ ನಿಲ್ಲಿಸಿ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ 2% ಕೀಟೊಕೊನಜೋಲ್ ಶಾಂಪೂವನ್ನು ನೆತ್ತಿಗೆ ಮಾತ್ರ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಿರಿ. ಉದ್ದಕ್ಕೆ ಮೊದಲೇ ಕಂಡೀಷನರ್ ಬಳಿದಿದ್ದರೆ ಒಣಗುವುದಿಲ್ಲ. ಈ ಕೂದಲಿಗೆ ವಾರಕ್ಕೊಮ್ಮೆ ಸಾಕು. ನಾಲ್ಕು ವಾರದಲ್ಲಿ ಇಳಿಯದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಮಗುವಿನ ತಲೆಯಲ್ಲಿ ದುಂಡಗೆ ಕೂದಲು ಹೋಗಿ, ಅಲ್ಲಿ ಕಪ್ಪು ಚುಕ್ಕಿಗಳು ಅಥವಾ ಪೊರೆ ಕಂಡರೆ ಅದು ಹುಳುಕಡ್ಡಿ ಇರಬಹುದು. ಇದಕ್ಕೆ ಶಾಂಪೂ, ಮುಲಾಮು ಸಾಲದು, ಬಾಯಿಗೆ ಔಷಧಿ ಬೇಕು. ಅಂಗಡಿಯವರು ಕೊಡುವ ಸ್ಟೀರಾಯ್ಡ್ ಬೆರೆತ ಕ್ರೀಮ್ ಹಚ್ಚಬೇಡಿ. ಕೆಂಪು ಇಳಿದಂತೆ ಕಂಡು ಒಳಗೆ ಹರಡುತ್ತದೆ. ಮಗುವಿನ ಬಾಚಣಿಗೆ, ಟವೆಲ್ ಬೇರೆ ಇಡಿ. ಎಳೆಗೆ ಅಂಟಿಕೊಂಡು ಬೆರಳಿಗೆ ಜಾರದ ಬಿಳಿ ಕಾಳು ಹೊಟ್ಟಲ್ಲ, ಸೀರು. ಹೇನಿಗೆ ಔಷಧಿ ಅಂಗಡಿಯ ಲೋಷನ್ ಇದೆ. ಸೀಮೆಎಣ್ಣೆ ಯಾವ ಕಾರಣಕ್ಕೂ ತಲೆಗೆ ಬೇಡ. ಅದು ಚರ್ಮ ಸುಡುತ್ತದೆ, ಒಲೆಯ ಹತ್ತಿರ ಹೋದರೆ ಜೀವಕ್ಕೇ ಅಪಾಯ.

ಹಣೆಯ ಅಂಚು, ನೆತ್ತಿಯ ನಡು ತೆಳುವಾಗುತ್ತಿದೆ

ಇಲ್ಲಿ ಬಾಟಲಿಗಳ ಪ್ರಯೋಗ ನಿಲ್ಲಿಸಿ. ಹಣೆ, ಹಣೆಯ ಪಕ್ಕ, ಕಿವಿಯ ಮುಂದೆ ತೆಳುವಾದರೆ ಜಡೆ ಬಿಗಿಯೇ ಮೊದಲ ಕಾರಣ. ಶಾಲೆಗೆ ಎರಡು ಜಡೆ ಹಾಕಿ ರಿಬ್ಬನ್ ಕಟ್ಟುವಾಗ ಒಂದು ಎಳೆಯೂ ನಿಲ್ಲಬಾರದೆಂದು ಎಳೆದು ಕಟ್ಟುತ್ತೇವೆ ಅಲ್ವಾ, ಗುಂಗುರು ಕೂದಲಿನ ಹುಡುಗಿಯರ ಬುಡಕ್ಕೆ ಅದು ದಿನಾ ಬೀಳುವ ಪೆಟ್ಟು. ಜಡೆ ಹಾಕಿದ ಮೇಲೆ ನೋವು, ಬುಡದಲ್ಲಿ ಸಣ್ಣ ಗುಳ್ಳೆ, ಹುಬ್ಬು ಮೇಲೆಳೆದಂತೆ ಅನಿಸಿದರೆ ಅಲ್ಲೇ ಬಿಚ್ಚಿ. ಕೃತಕ ಕೂದಲು ಸೇರಿಸಿ ಹೆಣೆಸಿಕೊಳ್ಳುವವರಿಗೂ ಇದೇ ಮಾತು. ಶುರುವಿನಲ್ಲಿ ಸಡಿಲ ಬಿಟ್ಟರೆ ಮರಳಿ ಬರುತ್ತದೆ. ವರ್ಷಗಟ್ಟಲೆ ಎಳೆದರೆ ಬುಡವೇ ಮುಚ್ಚಿಹೋಗುತ್ತದೆ. ಶಿಸ್ತು ಎಂಬ ಹೆಸರಲ್ಲಿ ಮಗುವಿನ ಕೂದಲನ್ನು ಹೀಗೆ ಕಳೆಯುವುದು ನ್ಯಾಯವಲ್ಲ. ಶಾಲೆಯಲ್ಲಿ ಮಾತಾಡಿ, ಸಡಿಲ ಜಡೆಗೆ ಒಪ್ಪಿಗೆ ಕೇಳಿ.

ನೆತ್ತಿಯ ನಡುವಿನಿಂದ ಸುತ್ತಲೂ ತೆಳುವಾಗುತ್ತಾ ಹೋದರೆ ಇನ್ನೂ ಬೇಗ ಡಾಕ್ಟರನ್ನು ನೋಡಿ. ಅಲ್ಲಿ ಉರಿ, ಮುಟ್ಟಿದರೆ ನೋವು, ಚರ್ಮ ನಯವಾಗಿ ಹೊಳೆಯುವುದು ಇದ್ದರೆ ಒಂದು ದಿನವೂ ತಡಮಾಡಬೇಡಿ. ಬಿಗಿ ಗುಂಗುರು ಕೂದಲಿನ ಹೆಂಗಸರಲ್ಲಿ ಕಾಣುವ, ಬುಡಕ್ಕೆ ಕಲೆ ಬೀಳಿಸುವ ಒಂದು ಕಾಯಿಲೆ ಹೀಗೆ ಶುರುವಾಗುತ್ತದೆ. ಹೋದ ಕೂದಲು ಮರಳುವುದಿಲ್ಲ, ಉಳಿದದ್ದನ್ನು ಉಳಿಸಬಹುದು.

ನೇರ ಮಾಡಿಸುವ ರಾಸಾಯನಿಕಗಳು

ಬೇಸತ್ತು ‘ನೇರ ಮಾಡಿಸಿಬಿಡೋಣ’ ಅನಿಸುವುದುಂಟು. ನಿಮ್ಮ ತಲೆ, ನಿಮ್ಮ ನಿರ್ಧಾರ. ಆದರೆ ತಿಳಿದು ಮಾಡಿ. ರಿಲ್ಯಾಕ್ಸರ್ ಎಂಬ ನೇರ ಮಾಡುವ ಕ್ರೀಮ್‌ಗಳಲ್ಲಿ ಸೋಡಿಯಂ ಹೈಡ್ರಾಕ್ಸೈಡ್‌ನಂಥ ಬಲವಾದ ಕ್ಷಾರವಿರುತ್ತದೆ. ಉರಿ ಶುರುವಾದ ಕ್ಷಣ ತೊಳೆಯಬೇಕು, ‘ಇನ್ನೈದು ನಿಮಿಷ’ ಎಂದು ಯಾರೇ ಹೇಳಿದರೂ ಕೂರಬೇಡಿ. ಕಣ್ಣಿಗೆ ಬಿದ್ದರೆ ಹರಿಯುವ ನೀರಲ್ಲಿ ಹದಿನೈದು ಇಪ್ಪತ್ತು ನಿಮಿಷ ತೊಳೆದು ನೇರ ಆಸ್ಪತ್ರೆಗೆ. ಅಮೆರಿಕದ ಸಿಸ್ಟರ್ ಸ್ಟಡಿ ಎಂಬ ದೊಡ್ಡ ಅಧ್ಯಯನ 2022ರಲ್ಲಿ ಹೇಳಿದ್ದು: ಕೂದಲು ನೇರ ಮಾಡುವ ಪದಾರ್ಥಗಳನ್ನು ಪದೇ ಪದೇ ಬಳಸಿದ ಹೆಂಗಸರಲ್ಲಿ ಗರ್ಭಕೋಶದ ಕ್ಯಾನ್ಸರ್ ಹೆಚ್ಚು ಕಂಡಿತು. ಅದೇ ಕಾರಣ ಎಂದು ಅದು ಸಾಬೀತು ಮಾಡಿಲ್ಲ. ಆದರೂ ಕಡೆಗಣಿಸುವ ಮಾತಲ್ಲ. ಪಾರ್ಲರ್‌ನಲ್ಲಿ ನೇರ ಮಾಡಲು ‘ಕೆರಟಿನ್’ ಹಚ್ಚುವಾಗ ಕಣ್ಣು ಮೂಗು ಉರಿದರೆ ಫಾರ್ಮಲ್ಡಿಹೈಡ್ ಇರಬಹುದು, ಎದ್ದು ಹೊರಗೆ ಬನ್ನಿ. ಗ್ಲೈಆಕ್ಸಿಲಿಕ್ ಆಸಿಡ್ ಇರುವ ಕ್ರೀಮ್‌ಗಳಿಂದ ಮೂತ್ರಪಿಂಡಕ್ಕೆ ಪೆಟ್ಟಾದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಮಾಡಿಸಿದ ಮೇಲೆ ವಾಂತಿ, ಸೊಂಟ ನೋವು, ಮೂತ್ರ ಕಡಿಮೆ ಆದರೆ ಆಸ್ಪತ್ರೆಗೆ ಹೋಗಿ, ಏನು ಹಚ್ಚಿಸಿದ್ದೆಂದು ಹೇಳಿ. ಗರ್ಭಿಣಿಯರಿಗೆ, ಮಕ್ಕಳಿಗೆ ಇವು ಯಾವುವೂ ಬೇಡ.

ಕಾರಣ ಸಿಕ್ಕಿತು, ಈಗ ಅಂಗಡಿಗೆ

ಒಂದು ಸಲಕ್ಕೆ ಒಂದೇ ಬದಲಿಸಿ. ಮೂರು ಹೊಸದನ್ನು ಒಟ್ಟಿಗೆ ಶುರುಮಾಡಿದರೆ ಯಾವುದು ಒಗ್ಗಿತು, ಯಾವುದು ಕೆಡಿಸಿತು ಗೊತ್ತಾಗುವುದೇ ಇಲ್ಲ. ಮೂರು ನಾಲ್ಕು ತಲೆಸ್ನಾನ ಕೊಟ್ಟು ನೋಡಿ. ಸ್ಯಾಷೆ ಸಿಕ್ಕರೆ ಮೊದಲು ಅದೇ ತನ್ನಿ. ದುಡ್ಡು ಕಡಿಮೆಯಿದ್ದರೆ ಶಾಂಪೂಗಿಂತ ಕಂಡೀಷನರ್‌ಗೆ ಜಾಸ್ತಿ ಹಾಕಿ, ಈ ಕೂದಲಿಗೆ ಅದೇ ಹೆಚ್ಚು ಖರ್ಚಾಗುವುದು. ಪದಾರ್ಥಗಳ ಪಟ್ಟಿ ಪ್ರಮಾಣದ ಕ್ರಮದಲ್ಲಿರುತ್ತದೆ. ಮುಂದೆ ದೊಡ್ಡ ಅಕ್ಷರದಲ್ಲಿ ಶಿಯಾ, ಆರ್ಗನ್ ಎಣ್ಣೆ ಎಂದು ಬರೆದು, ಹಿಂದೆ ಅದು ಸುಗಂಧದ ನಂತರ ಬಂದರೆ ಹೆಸರಿಗಷ್ಟೇ ಇದೆ. ಹೊರದೇಶದ ಬಾಟಲಿಯನ್ನು ಆನ್‌ಲೈನ್‌ನಲ್ಲಿ ತರಿಸಿದರೆ ಆಮದು ಮಾಡಿದವರ ಹೆಸರು, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನಾಂಕ ಮೂರನ್ನೂ ನೋಡಿ. ಚೀಲದಲ್ಲಿ ತುಂಬಿ ಹೆಸರಿಲ್ಲದೆ ಮಾರುವ ‘ಶಿಯಾ’, ‘ಕೆರಟಿನ್’ ಬೇಡ.

ಡಾಕ್ಟರ್ ಹತ್ತಿರ ಹೋಗುವುದಾದರೆ ಆ ದಿನ ಎಣ್ಣೆ, ಜೆಲ್ ಹಚ್ಚದೆ, ಜಡೆ ಬಿಚ್ಚಿಕೊಂಡು ಹೋಗಿ. ನೆತ್ತಿ ಕಾಣದಿದ್ದರೆ ಅವರಿಗೆ ಏನೂ ತಿಳಿಯುವುದಿಲ್ಲ. ಬಳಸುತ್ತಿರುವ ಬಾಟಲಿಗಳ ಹಿಂಬದಿಯ ಫೋಟೋ, ಆರು ತಿಂಗಳ ಹಿಂದಿನ ತಲೆಯ ಫೋಟೋ ಇದ್ದರೆ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಬಂದ ಜ್ವರ, ನುಂಗುತ್ತಿರುವ ಮಾತ್ರೆ ಮರೆಯದೆ ಹೇಳಿ. ಬರೆದುಕೊಟ್ಟ ಶಾಂಪೂ ವಾರಕ್ಕೆ ಎಷ್ಟು ಸಲ, ನೆತ್ತಿಗೆ ಮಾತ್ರವೋ ಕೂದಲುದ್ದಕ್ಕೂ ಹಚ್ಚಬೇಕೋ ಎಂದು ಅಲ್ಲೇ ಕೇಳಿ ಬರೆಸಿಕೊಂಡು ಬನ್ನಿ.